ಪದ ಪರಿಚಯ: ಪ್ರಳಯ

ಚಿಕ್ಕಬಳ್ಳಾಪುರದಲ್ಲಿ ಪಿಯು ಓದುವ ಹುಡುಗಿಯೊಬ್ಬಳು ಕಥೆ ಬರೆದು ತಂದಿದ್ದಳು. ದಿನ ಬೆಳಗಾದರೆ ಊರಿನದು ಏನೋ ಒಂದು ಮಾಯ. ಮೊದಲು ನಂದಿಬೆಟ್ಟ, ಆಮೇಲೆ ಕಂದವಾರ ಕೆರೆ, ಆಮೇಲೆ ಸೇವಂತಿಗೆಯ ವಾಸನೆ. ಸದ್ದಿಲ್ಲ, ಬೆಂಕಿಯಿಲ್ಲ. ಹದಿನೇಳರ ನಾಯಕಿಗೆ ಹೂವಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹುಡುಗನ ಮೇಲೆ ಪ್ರೀತಿ. ನಾಳೆ ಅವನಿರುತ್ತಾನೋ ಇಲ್ಲವೋ ಅಂತ ರಾತ್ರಿಯೆಲ್ಲ ನಿದ್ದೆಯಿಲ್ಲ.

"ಇದಕ್ಕೆ ಪ್ರಳಯ ಅನ್ನಬಹುದಾ ಮೇಡಂ? ನೀರೇ ಬರಲ್ಲವಲ್ಲ" ಎಂದು ಕೇಳಿದಳು.

ಧಾರಾಳವಾಗಿ ಅನ್ನಬಹುದು. ಪದದೊಳಗೆ ನೀರಿಲ್ಲ, ಅದಕ್ಕೇ ‘ಜಲಪ್ರಳಯ’ ಎಂದು ಬೇರೆ ಹೇಳಬೇಕಾಗುತ್ತದೆ. 2021ರ ಡಿಸೆಂಬರ್ 22ರ ಬೆಳಿಗ್ಗೆ ನಮ್ಮ ಜಿಲ್ಲೆಯಲ್ಲಿ ನೆಲ ಅಲುಗಿತು, ತೀವ್ರತೆ 3ರ ಆಸುಪಾಸು. ನಮ್ಮ ಬೀದಿಯ ಅಜ್ಜಿ ಆಗ ಕೂಗಿದ್ದೂ "ಪ್ರಳಯ ಬಂತು" ಅಂತಲೇ.

ಮೂಲ ಸಂಸ್ಕೃತದ ‘ಪ್ರಲಯ’. ಧಾತು ‘ಲೀ’: ಕರಗು, ಸೇರಿಹೋಗು. ಲೀನ, ವಿಲೀನ, ಲಯ ಎಲ್ಲವೂ ಇದರ ಮಕ್ಕಳು. ‘ಆಲಯ’ವೂ ಅದೇ ಬಳಗ, ಹೋಗಿ ಸೇರಿಕೊಳ್ಳುವ ಜಾಗ. ಹಾಗಾಗಿ ಪ್ರಳಯವೆಂದರೆ ಒಡೆದು ಚೂರಾಗುವುದಲ್ಲ, ಹಾಲಿನಲ್ಲಿ ಸಕ್ಕರೆಯಂತೆ ಕರಗಿಹೋಗುವುದು.

ಪುರಾಣಗಳು ನಾಲ್ಕು ಬಗೆ ಹೇಳುತ್ತವೆ: ನಿತ್ಯ (ದಿನದಿನದ ಅಳಿವು), ನೈಮಿತ್ತಿಕ, ಪ್ರಾಕೃತ, ಆತ್ಯಂತಿಕ (ಮೋಕ್ಷ). ಬ್ರಹ್ಮನ ಒಂದು ಹಗಲು, ಅಂದರೆ 432 ಕೋಟಿ ವರ್ಷ, ಮುಗಿದಾಗ ಆಗುವುದು ನೈಮಿತ್ತಿಕ. ಈ ಹುಡುಗಿಯ ಕಥೆಗೆ ಹತ್ತಿರದ್ದು ಪ್ರಾಕೃತ ಪ್ರಳಯ. ಅಲ್ಲಿ ಎಲ್ಲವೂ ಸರದಿಯಂತೆ ಹೋಗುತ್ತದೆ: ಭೂಮಿ ನೀರಿನಲ್ಲಿ, ನೀರು ಬೆಂಕಿಯಲ್ಲಿ, ಬೆಂಕಿ ಗಾಳಿಯಲ್ಲಿ, ಗಾಳಿ ಆಕಾಶದಲ್ಲಿ. ಅವಳದೂ ಬೆಟ್ಟ, ಕೆರೆ, ವಾಸನೆ.

ನನಗೆ ತುಂಬ ಇಷ್ಟದ ಅರ್ಥ ಇನ್ನೊಂದಿದೆ, ಅದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ ಅನ್ನುವುದೇ ನನ್ನ ಸಂಕಟ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳಿವೆ, ಅಂದರೆ ಮನಸ್ಸಿನ ಭಾವ ತಾನಾಗಿ ಮೈಮೇಲೆ ಕಾಣಿಸಿಕೊಳ್ಳುವ ಬಗೆಗಳು: ಸ್ತಂಭ (ಮೈ ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯುವುದು), ವೇಪಥು (ನಡುಕ), ವೈವರ್ಣ್ಯ (ಮುಖದ ಬಣ್ಣಗೆಡುವುದು), ಅಶ್ರು (ಕಣ್ಣೀರು), ಕೊನೆಗೆ ಪ್ರಲಯ. ಮೈ ಅಲುಗದು, ಉಸಿರು ಆಡುತ್ತಿದೆಯೋ ಇಲ್ಲವೋ ತಿಳಿಯದು, ಪಾತ್ರ ನೆಲಕ್ಕೆ ಕುಸಿಯುತ್ತದೆ. ದಣಿವು, ಪೆಟ್ಟು, ನಿದ್ದೆಯಿಂದಲೂ ಹೀಗಾಗಬಹುದು, ಮೋಹದಿಂದಲೂ ಆಗಬಹುದು. ಲೋಕ ಇದ್ದಲ್ಲೇ ಇರುತ್ತದೆ. ಕರಗುವುದು ಅದನ್ನು ನೋಡುತ್ತಿದ್ದವಳ ಎಚ್ಚರ.

ಅವಳ ನೋಟ್‌ಬುಕ್ಕಿನ ಏಳನೆಯ ಪುಟದಲ್ಲಿ ಹೀಗಿತ್ತು: "ಅವನು ಮೂಟೆ ಇಳಿಸಿ ನನ್ನ ಕಡೆ ತಿರುಗಿದ. ಕೈಯಲ್ಲಿದ್ದ ಬುಟ್ಟಿ ಯಾವಾಗ ಬಿತ್ತೋ ಗೊತ್ತಿಲ್ಲ. ಮಾರ್ಕೆಟ್ಟಿನ ಗದ್ದಲ ಒಂದೂ ಕೇಳಿಸಲಿಲ್ಲ."

ಆ ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ‘ಇದೂ ಪ್ರಳಯವೇ’ ಎಂದು ಬರೆದು ವಾಪಸ್ ಕೊಟ್ಟೆ.