ಘೋರ್ಪಡೆ ಹೆಸರಿನಲ್ಲಿ ಕುದುರೆ ಇದೆಯಾ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯವರು. ಘೋರ್ಪಡೆ, ಶಿಲೇದಾರ, ಬಾರಗೀರ, ನಾಲಬಂದ ಅನ್ನೋ ಅಡ್ಡಹೆಸರುಗಳೆಲ್ಲ ಕುದುರೆಯಿಂದಲೇ ಬಂದವು ಅಂತ ಹಿರಿಯರು ಹೇಳುತ್ತಾರೆ. ನಿಜವೇ? ಮಕ್ಕಳಿಗೆ ಇಡುವ ಅಶ್ವಿನಿ, ಅಶ್ವತ್ಥ ಅನ್ನೋ ಹೆಸರುಗಳೂ ಕುದುರೆಯವೇನಾ?

ಉತ್ತರ: ನಾಲ್ಕು ಅಡ್ಡಹೆಸರುಗಳಲ್ಲಿ ಮೂರು ಕುದುರೆ ಲಾಯಕ್ಕೆ ಸೇರಿದವು. ಘೋರ್ಪಡೆ ಮಾತ್ರ ಅಲ್ಲ. ತಮಾಷೆ ನೋಡಿ, ಕಿವಿಗೆ ಕುದುರೆ ಥರ ಕೇಳಿಸುವುದು ಅದೊಂದೇ. ಉಳಿದ ಮೂರರಲ್ಲಿ ಕುದುರೆಯ ಸುಳಿವೂ ಸಿಗುವುದಿಲ್ಲ.

ಮೊದಲು ಘೋರ್ಪಡೆ. ಮರಾಠಿಯಲ್ಲಿ ಘೋಡಾ ಅಂದರೆ ಕುದುರೆ, ಘೋರಪಡ ಅಂದರೆ ಉಡ. ಎರಡಕ್ಕೂ ಸಂಬಂಧವಿಲ್ಲ. ಮುಧೋಳ ಅಂದ ಕೂಡಲೇ ಈಗ ಎಲ್ಲರಿಗೂ ಬೇಟೆನಾಯಿ ನೆನಪಾಗುತ್ತದೆ. ಆದರೆ ಆ ಊರನ್ನು ಆಳಿದ ಘೋರ್ಪಡೆ ಮನೆತನದ ಹೆಸರಿನಲ್ಲಿರುವುದು ಉಡ. ಬಹಮನಿ ಕಾಲದಲ್ಲಿ ಈ ಮನೆತನದ ಹಿರಿಯನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಮೇಲೆ ಬಿಟ್ಟ, ಅದು ಕಚ್ಚಿ ಹಿಡಿದುಕೊಂಡಾಗ ಸೈನಿಕರು ಹಗ್ಗ ಹಿಡಿದು ಹತ್ತಿದರು, ಸುಲ್ತಾನ ಮೆಚ್ಚಿ ಆ ಬಿರುದು ಕೊಟ್ಟ ಎಂಬುದು ಮನೆತನದ ಕಥೆ. ಶಿವಾಜಿಯ ಸರದಾರ ತಾನಾಜಿ ಸಿಂಹಗಡ ಕೋಟೆ ಹತ್ತಿದ ಬಗ್ಗೆಯೂ ಇಂಥದ್ದೇ ಕಥೆ ಇದೆ. ಉಡ ಒಂದು ಆಳಿನ ತೂಕ ತಡೆದೀತೇ ಅಂತ ನನಗಂತೂ ಅನುಮಾನ. ಆದರೆ ಕನ್ನಡದಲ್ಲೂ ಬಿಡದೆ ಹಿಡಿದವರನ್ನು ಉಡದ ಪಟ್ಟು ಹಿಡಿದರು ಅಂತಲೇ ಅನ್ನುತ್ತೇವೆ. ಕಥೆ ನಿಜವೋ ಅಲ್ಲವೋ, ಬಿರುದಿನಲ್ಲಿರುವ ಪ್ರಾಣಿ ಮಾತ್ರ ಉಡವೇ.

ಇನ್ನು ಲಾಯಕ್ಕೆ ಬರೋಣ. ಆದಿಲ್‌ಶಾಹಿಗಳ ವಿಜಯಪುರಕ್ಕೆ ಕುದುರೆ ಅಂದರೆ ದೊಡ್ಡ ಖರ್ಚಿನ ಬಾಬತ್ತು. ದಖ್ಖನ್ನಿನಲ್ಲಿ ಯುದ್ಧಕ್ಕೆ ಬೇಕಾದಂಥ ಕುದುರೆ ಬೇಕಾದಷ್ಟು ಹುಟ್ಟುತ್ತಿರಲಿಲ್ಲ. ಅರಬ್ ಮತ್ತು ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಅವು ಇಳಿಯುತ್ತಿದ್ದ ಬಂದರುಗಳಲ್ಲಿ ಗೋವೆಯೂ ಒಂದು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದಾಗ ವಿಜಯಪುರಕ್ಕೆ ಬಿದ್ದ ಪೆಟ್ಟು ಬರೀ ಒಂದು ಊರು ಹೋದದ್ದಲ್ಲ, ಕುದುರೆ ವ್ಯಾಪಾರದ ಬಾಗಿಲೇ ಬೇರೆಯವರ ಕೈಗೆ ಹೋಯಿತು. ಅಷ್ಟು ದುಬಾರಿ ಪ್ರಾಣಿ ಅಂದ ಮೇಲೆ ಅದರ ಮಾಲೀಕರು ಯಾರು ಅನ್ನೋದು ದೊಡ್ಡ ವಿಷಯ. ಶಿಲೇದಾರ ಮತ್ತು ಬಾರಗೀರ ಬೇರೆಯಾಗುವುದು ಇಲ್ಲೇ.

ಶಿಲೇದಾರ ತನ್ನ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೈನ್ಯ ಸೇರುತ್ತಿದ್ದ. ಸಿಲಾಹ್ ಅಂದರೆ ಆಯುಧ, ಸಿಲಾಹ್‌ದಾರ್ ಅಂದರೆ ಆಯುಧವುಳ್ಳವನು. ಅವನಿಗೆ ಸಂಬಳ ಜಾಸ್ತಿ. ಆದರೆ ಕುದುರೆ ಸತ್ತರೆ ನಷ್ಟವೂ ಅವನದೇ. ಹಾಗಾಗಿ ಕಾಳಗ ಬಿಸಿಯಾದಾಗ ಎಷ್ಟೋ ಶಿಲೇದಾರರು ಕುದುರೆ ಉಳಿಸಿಕೊಳ್ಳಲು ನೋಡುತ್ತಿದ್ದರು. ಹೇಡಿತನ ಅನ್ನಬೇಡಿ. ಮನೆಯ ಆಸ್ತಿಯ ಮೇಲೇ ಕೂತು ಜಗಳಕ್ಕೆ ಹೋದವನ ಲೆಕ್ಕಾಚಾರ ಅದು.

ಬಾರಗೀರನಿಗೆ ಸ್ವಂತ ಕುದುರೆ ಇಲ್ಲ. ಸರ್ಕಾರದ ಲಾಯ, ಅಂದರೆ ಪಾಗಾದಿಂದ ಕುದುರೆ ಕೊಡುತ್ತಿದ್ದರು. ಕುದುರೆ ಜಾಸ್ತಿ ಇದ್ದ ಶಿಲೇದಾರನೂ ಬಾರಗೀರರನ್ನು ಇಟ್ಟುಕೊಳ್ಳಬಹುದಿತ್ತು. ಫಾರಸಿಯಲ್ಲಿ ಬಾರಗೀರ್ ಅಂದರೆ ಹೊರೆ ಹೊರುವುದು, ಹೇರು ಕುದುರೆಗೇ ಆ ಮಾತಿತ್ತು. ಇಲ್ಲಿಗೆ ಬರುವಷ್ಟರಲ್ಲಿ ಕುದುರೆಯ ಹೆಸರು ಅದರ ಮೇಲೆ ಕೂತವನಿಗೆ ಅಂಟಿಕೊಂಡಿತ್ತು!

ಶಿವಾಜಿ ಹೆಚ್ಚು ನಂಬಿದ್ದು ಪಾಗಾದ ಬಾರಗೀರರನ್ನೇ. ತಂದೆ ಶಹಾಜಿ ವಿಜಯಪುರದ ಸೇವೆಯಲ್ಲಿದ್ದವರು, ಆ ಪದ್ಧತಿಯ ಒಳಹೊರಗು ಮನೆಯಲ್ಲೇ ಗೊತ್ತಿತ್ತು. 25 ಬಾರಗೀರರಿಗೆ ಒಬ್ಬ ಹವಾಲ್ದಾರ, ಐದು ಹವಾಲ್ದಾರರ ಮೇಲೆ ಒಬ್ಬ ಜುಮಲೇದಾರ. ಪ್ರತಿ 25 ಕುದುರೆಗೆ ನೀರು ಹೊರುವವನೊಬ್ಬ, ನಾಲಬಂದ ಒಬ್ಬ. ಈ ಕೊನೆಯ ಸಾಲು ನನಗೆ ಇಷ್ಟ. ಕತ್ತಿ ಹಿಡಿದವರ ಲೆಕ್ಕದಲ್ಲೇ ಸುತ್ತಿಗೆ ಹಿಡಿದವನನ್ನೂ ಎಣಿಸಿದ್ದಾರೆ.

ನಾಲ ಅಂದರೆ ಲಾಳ, ನಾಲಬಂದ ಅಂದರೆ ಲಾಳ ಕಟ್ಟುವವನು. ಇದನ್ನು ಕೀಳು ಕೆಲಸ ಅಂತ ಬಚ್ಚಿಡುವವರಿದ್ದಾರೆ, ಸುಮ್ನೆ ತಪ್ಪು. ಮೊಳೆ ಒಂದು ಚೂರು ಒಳಕ್ಕೆ ಹೋದರೂ ಕುದುರೆ ಕುಂಟುತ್ತದೆ. ಗೊರಸು ಎಷ್ಟು ಕೆತ್ತಬೇಕು, ಮೊಳೆ ಯಾವ ಓರೆಯಲ್ಲಿ ಹೊಡೆಯಬೇಕು ಅನ್ನೋದು ಕೈಯಿಂದ ಕೈಗೆ ಬಂದ ವಿದ್ಯೆ. ಇನ್ನೊಂದು ಮಾತು: ಎಲ್ಲ ನಾಲಬಂದರೂ ಕುದುರೆಗೇ ಲಾಳ ಹೊಡೆದವರಲ್ಲ. ನಮ್ಮ ಕಡೆ ಎತ್ತಿಗೂ ಲಾಳ ಹೊಡೆಸುತ್ತಾರೆ. ಬಂಡಿ ಎಳೆಯುವ ಎತ್ತನ್ನು ಕೆಡವಿ, ಕಾಲು ಕಟ್ಟಿ, ಒಂದೊಂದು ಗೊರಸಿಗೆ ಎರಡೆರಡು ತುಂಡು ಹೊಡೆಯಬೇಕು. ಎತ್ತಿನ ಗೊರಸು ಸೀಳಿರುತ್ತದಲ್ವಾ. ಸೈನ್ಯ ಹೋದ ಮೇಲೂ ಈ ಕಸುಬು ಉಳಿದದ್ದಕ್ಕೆ ಎತ್ತೂ ಕಾರಣ, ವಿಜಯಪುರದ ಟಾಂಗಾಗಳೂ ಕಾರಣ.

ಇದೇ ಸಾಲಿನಲ್ಲಿ ಇನ್ನೂ ಕೆಲವು ಹೆಸರುಗಳಿವೆ. ಜೀನು ಅಂದರೆ ಕುದುರೆ ಬೆನ್ನಿಗೆ ಹಾಕುವ ತಡಿ. ಅದನ್ನು ಹೊಲಿಯುತ್ತಿದ್ದವರು ಜೀನಗಾರರು. ತಡಿಗೆ ಗಿರಾಕಿ ಕಡಿಮೆಯಾದಂತೆ ಚಿತ್ರ ಬರೆಯುವುದು, ಲೋಹದ ಕೆಲಸ ಹೀಗೆ ಬೇರೆ ಕಸುಬು ಹಿಡಿದರು. ಹೆಸರು ಮಾತ್ರ ಹಳೆಯದೇ ಉಳಿಯಿತು. ಚಾಬುಕಸ್ವಾರ ಅಂದರೆ ಹೊಸ ಕುದುರೆಯನ್ನು ಪಳಗಿಸುವವನು. ರಾವುತ ಇವೆಲ್ಲಕ್ಕಿಂತ ಹಳೆಯದು. ಆನೆಗೆ ಮಾವುತ, ಕುದುರೆಗೆ ರಾವುತ ಅಂತ ಹಳೆಯ ಕಾವ್ಯಗಳಲ್ಲೇ ಜೋಡಿಯಾಗಿ ಬರುತ್ತಾರೆ. ಅದರ ಮೂಲ ರಾಜಪುತ್ರ ಅನ್ನೋ ಪದ, ಅಲ್ಲೂ ಕುದುರೆ ಇಲ್ಲ. ಈ ಅಡ್ಡಹೆಸರುಗಳು ಹೇಳುವುದು ಕುದುರೆಯ ಪಕ್ಕದಲ್ಲಿ ನಿಂತವನು ಏನು ಮಾಡುತ್ತಿದ್ದ ಅಂತ.

ಮಕ್ಕಳ ಹೆಸರುಗಳಲ್ಲಿ ಕುದುರೆ ನೇರವಾಗಿಯೇ ಬರುತ್ತದೆ. ಅಶ್ವಿನಿ ಮೊದಲ ನಕ್ಷತ್ರ. ಸೂರ್ಯನ ಹೆಂಡತಿ ಸಂಜ್ಞೆ ಹೆಣ್ಣು ಕುದುರೆಯ ರೂಪದಲ್ಲಿದ್ದಾಗ ಅಶ್ವಿನಿ ದೇವತೆಗಳು ಹುಟ್ಟಿದರು ಅಂತ ಪುರಾಣ. ಅವರ ವರದಿಂದ ಹುಟ್ಟಿದವರು ನಕುಲ, ಸಹದೇವ. ಅಜ್ಞಾತವಾಸದಲ್ಲಿ ನಕುಲ ವಿರಾಟನ ಕುದುರೆ ಲಾಯ ನೋಡಿಕೊಂಡದ್ದು ನೆನಪಿದೆಯಾ? ಅಶ್ವತ್ಥಾಮನ ಹೆಸರಿಗೆ ಮಹಾಭಾರತವೇ ಕಾರಣ ಹೇಳುತ್ತದೆ: ಹುಟ್ಟಿದ ಕೂಡಲೇ ಮಗು ಕುದುರೆಯಂತೆ ಕೆನೆಯಿತು, ಆ ದನಿ ದಿಕ್ಕುಗಳಿಗೆಲ್ಲ ಹಬ್ಬಿತು. ಆದರೆ ಅಶ್ವತ್ಥ ಅಂತ ಹೆಸರಿಟ್ಟವರ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ಅರಳಿ ಮರ. ಎರಡನ್ನೂ ಬೆರೆಸಬೇಡಿ. ಹಯಗ್ರೀವ ಅಂದರೆ ಕುದುರೆಯ ಕೊರಳುಳ್ಳ ದೇವರು. ಅದೇ ಹೆಸರಿನ ಕಡಲೆಬೇಳೆ ಬೆಲ್ಲದ ಸಿಹಿ ಎಲ್ಲರಿಗೂ ಗೊತ್ತು.

ಫಿಲಿಪ್ ಗ್ರೀಕ್ ಹೆಸರು, ಕುದುರೆಯನ್ನು ಪ್ರೀತಿಸುವವನು ಅಂತ ಅರ್ಥ. ಅಲೆಕ್ಸಾಂಡರನ ಅಪ್ಪನ ಹೆಸರೂ ಅದೇ. ಫಾರಿಸ್ ಅಂದರೆ ಅರಬ್ಬಿಯಲ್ಲಿ ಕುದುರೆ ಸವಾರ, ಫಾರಸಿ ಭಾಷೆಗೂ ಇದಕ್ಕೂ ನಂಟಿಲ್ಲ. ಪರ್ಷಿಯಾದ ತಹಮಾಸ್ಪ್, ಜಾಮಾಸ್ಪ್ ಹೆಸರುಗಳ ಕೊನೆಯ ಅಸ್ಪ್ ಮತ್ತು ನಮ್ಮ ಅಶ್ವ ಒಂದೇ ಬೇರಿನವು.

ನಿಮ್ಮ ಮನೆಯ ಅಡ್ಡಹೆಸರಿನ ಜಾಡು ಹಿಡಿಯಬೇಕಾದರೆ ಹೆಸರಿನ ಅರ್ಥ ಒಂದೇ ಸಾಲದು. ಹಳೆಯ ಇನಾಮು ಪತ್ರ, ಜಮೀನಿನ ಕಾಗದ ಮನೆಯಲ್ಲಿ ಇದ್ದರೆ ತೆಗೆದು ನೋಡಿ. ಬೆಳಗಾವಿ, ವಿಜಯಪುರದ ಕಡೆ ಅವು ಮೋಡಿ ಲಿಪಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಕೂಡಕ್ಷರದ ಲಿಪಿಯಲ್ಲಿ ಇರುವುದುಂಟು. ಮೊದಲು ಮೋಡಿ ಓದಬಲ್ಲವರನ್ನು ಹುಡುಕಿ. ಮತ್ತೆ, ಒಂದೇ ಅಡ್ಡಹೆಸರಿನ ಎಲ್ಲರೂ ಒಂದೇ ಮನೆತನ ಅಂತ ತಿಳಿಯಬೇಡಿ. ಶಿಲೇದಾರಿಕೆ ಒಂದು ಕೆಲಸ. ಆ ಕೆಲಸ ಮಾಡಿದವರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು.