ಪದ ಪರಿಚಯ: ಮೋಷನ್ ಕಂಟ್ರೋಲ್ ಗೇಮ್

ಗುಂಡಿ ಒತ್ತಿ ಆಡುವ ಗೇಮ್ ಎಲ್ಲರಿಗೂ ಗೊತ್ತು. ರಿಮೋಟನ್ನೇ ಬೀಸಿ, ಓರೆ ಮಾಡಿ, ತಿರುಗಿಸಿ ಆಡುವುದಕ್ಕೆ ಮೋಷನ್ ಕಂಟ್ರೋಲ್ ಅನ್ನುತ್ತಾರೆ. ಇದರ ಜೊತೆಗೆ ‘ಫಿಸಿಕ್ಸ್ ಪಜಲ್’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಪಾಠದ ಫಿಸಿಕ್ಸ್ ಅಂತ ಹೆದರಬೇಕಿಲ್ಲ. ಪರದೆಯೊಳಗಿನ ಕಲ್ಲು, ಚೆಂಡುಗಳಿಗೂ ತೂಕ ಇರುತ್ತದೆ, ಅವು ಜಾರುತ್ತವೆ, ಪುಟಿಯುತ್ತವೆ. ಯಾವುದನ್ನು ತಳ್ಳಿದರೆ ಯಾವುದು ಬಿದ್ದೀತು ಅನ್ನುವುದೇ ಒಗಟು.

ಒಳ್ಳೆಯ ಉದಾಹರಣೆ ಬೇಕೆಂದರೆ, 2008ರಲ್ಲಿ ನಿಂಟೆಂಡೊ ಕಂಪನಿಯ ‘ವೀ’ಗೆ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ, ಅಂದರೆ ಕನ್ಸೋಲ್) ಬಂದ ‘ಬೂಮ್ ಬ್ಲಾಕ್ಸ್’. ಸಿನಿಮಾ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಇಎ ಎಂಬ ಗೇಮ್ ಕಂಪನಿಯ ಜೊತೆ ಸೇರಿ ಮಾಡಿದ ಗೇಮ್ ಅದು. ನಮ್ಮ ಕಡೆಯವರಿಗೆ ಒಂದೇ ಮಾತಲ್ಲಿ ಹೇಳುವುದಾದರೆ, ಟಿವಿಯೊಳಗಿನ ಲಗೋರಿ. ಗುರಿ ಹಿಡಿದು ರಿಮೋಟ್ ಬೀಸಿದರೆ ಚೆಂಡು ಹೋಗಿ ಬ್ಲಾಕುಗಳ ರಾಶಿಗೆ ಬಡಿಯುತ್ತದೆ. ಜೋರಾಗಿ ಬೀಸಿದರೆ ಜೋರಾಗಿ ಬಡಿಯುತ್ತದೆ. ರಾಶಿ ಬೀಳದಂತೆ ಒಂದೊಂದೇ ಬ್ಲಾಕ್ ಎಳೆದು ತೆಗೆಯುವ ಆಟವೂ ಅದರಲ್ಲಿದೆ. ನನ್ನ ಲೆಕ್ಕಕ್ಕೆ ಗೆಳೆಯರ ನಡುವೆ ಜಗಳ ಹುಟ್ಟುವುದು ಇದರಲ್ಲೇ ಜಾಸ್ತಿ.

ಈಗ ನಿಜವಾದ ಪ್ರಶ್ನೆ: ಕೈ ಆಡಿದ್ದು ರಿಮೋಟಿಗೆ ಹೇಗೆ ಗೊತ್ತಾಗುತ್ತದೆ? ಒಳಗೆ ಅಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಇದೆ. ಅದರೊಳಗೆ ಸ್ಪ್ರಿಂಗಿಗೆ ಸಿಕ್ಕಿಸಿದ ಸಿಲಿಕಾನ್ ಚೂರು. ಕೈ ಬೀಸಿದಾಗ ಆ ಚೂರು ಸ್ವಲ್ಪವೇ ಹಿಂದೆ ಉಳಿಯುತ್ತದೆ, ಚಿಪ್ ಅದನ್ನು ಅಳೆಯುತ್ತದೆ. ಸುಮ್ನೆ ಮೇಜಿನ ಮೇಲೆ ಇಟ್ಟರೂ ಅದು ಸೊನ್ನೆ ತೋರಿಸುವುದಿಲ್ಲ, ಒಂದು ‘ಜಿ’ ತೋರಿಸುತ್ತದೆ. ಭೂಮಿಯ ಸೆಳೆತದಷ್ಟು. ಅದು ಯಾವ ಕಡೆಗಿದೆ ಎಂದು ನೋಡಿಯೇ ರಿಮೋಟ್ ಎಷ್ಟು ಓರೆಯಾಗಿದೆ ಎಂದು ಲೆಕ್ಕ ಹಾಕುವುದು. ಕೈಜಾರಿ ಬೀಳುತ್ತಿರುವಾಗ ಮಾತ್ರ ಸೊನ್ನೆ.

ಅಂದರೆ ಚಿಪ್‌ಗೆ ಗೊತ್ತಾಗುವುದು ರಿಮೋಟಿನ ಅಲುಗಾಟ ಮಾತ್ರ, ನಿಮ್ಮ ತೋಳು ಎಲ್ಲಿದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಶಿರಸಿಯ ಮನೆಯೊಂದರ ಜಗಲಿಯಲ್ಲಿ ರಜೆಗೆ ಬಂದವರು ಆಡುವುದನ್ನು ನೋಡಿ. ಮಾವ ಎದ್ದು ನಿಂತು, ಪಂಚೆ ಮೇಲೆ ಕಟ್ಟಿ, ಪೂರ್ತಿ ತೋಳು ಬೀಸುತ್ತಾರೆ. ಮಗಳು ಚಾಪೆ ಮೇಲೆ ಕೂತಲ್ಲೇ ಮಣಿಕಟ್ಟು ಕೊಡವುತ್ತಾಳೆ, ಅಷ್ಟೇ. ಗೆಲ್ಲುವುದು ಹೆಚ್ಚಾಗಿ ಅವಳೇ.

ಗುರಿ ಹಿಡಿಯುವುದು ಬೇರೆ ವ್ಯವಸ್ಥೆ. ಟಿವಿ ಮೇಲಿಡುವ ಉದ್ದನೆಯ ಬಾರ್ ಏನನ್ನೂ ನೋಡುವುದಿಲ್ಲ. ಅದರಲ್ಲಿರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ದೀಪಗಳು ಮಾತ್ರ. ನೋಡುವ ಕ್ಯಾಮೆರಾ ರಿಮೋಟಿನ ಮೂತಿಯಲ್ಲಿದೆ. ಬಾರ್ ಕೆಟ್ಟರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ಆಟ ನಡೆಯುತ್ತದೆ! ಮಲೆನಾಡಿನ ಮಳೆಗಾಲದ ಮನೆಯಲ್ಲಿ ಮೇಣದಬತ್ತಿಗೇನು ಬರ, ಅಲ್ವಾ? ಕರೆಂಟ್ ಇರಬೇಕು, ಅದೇ ಕಷ್ಟ.

ಅಕ್ಸೆಲೆರೋಮೀಟರಿಗೆ ಒಂದು ಕುರುಡು ಇದೆ. ರಿಮೋಟನ್ನು ಮೇಜಿನ ಮೇಲೆ ಮಟ್ಟವಾಗಿಟ್ಟು ನಿಧಾನ ತಿರುಗಿಸಿದರೆ ಭೂಮಿಯ ಸೆಳೆತದ ದಿಕ್ಕು ಬದಲಾಗುವುದಿಲ್ಲ, ಹಾಗಾಗಿ ತಿರುಗಿದ್ದು ಗೊತ್ತಾಗುವುದಿಲ್ಲ. ಅದಕ್ಕೇ 2009ರಲ್ಲಿ ನಿಂಟೆಂಡೊ, ತಿರುಗುವುದನ್ನು ಅಳೆಯುವ ಗೈರೋಸ್ಕೋಪ್ ಇರುವ, ರಿಮೋಟಿಗೆ ಸಿಕ್ಕಿಸುವ ಮೋಷನ್‌ಪ್ಲಸ್ ತಂದಿತು. 2010ರಲ್ಲಿ ಮೈಕ್ರೋಸಾಫ್ಟಿನ ಕಿನೆಕ್ಟ್ ಬಂತು. ಅದರಲ್ಲಿ ರಿಮೋಟೇ ಇಲ್ಲ, ಕ್ಯಾಮೆರಾ ಇಡೀ ಮೈಯನ್ನು ನೋಡುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಅದು ನಡೆಯುವುದಿಲ್ಲ.

ರಿಮೋಟಿಗೆ ಮಣಿಕಟ್ಟಿನ ದಾರ ಇರುತ್ತದಲ್ಲ, ಅದನ್ನು ಹಾಕಿಕೊಳ್ಳಿ. ವೀ ಬಂದ ಹೊಸದರಲ್ಲೇ, 2006ರ ಡಿಸೆಂಬರಿನಲ್ಲಿ, ದಾರ ಕಿತ್ತು ರಿಮೋಟ್ ಹಾರುತ್ತಿದೆ ಎಂಬ ದೂರು ಬಂದು ಕಂಪನಿಯೇ ದಪ್ಪ ದಾರ ಬದಲಿಸಿಕೊಟ್ಟಿತು. ಕಾರವಾರದ ಸೆಖೆಗೆ ಬೆವರಿದ ಕೈಯಲ್ಲಿ ಇದು ಇನ್ನೂ ಮುಖ್ಯ.

ಕನ್ಸೋಲ್ ಇಲ್ಲದಿದ್ದರೂ ನಡೆಯುತ್ತದೆ. ಇದೇ ಬಗೆಯ ಚಿಪ್ ನಿಮ್ಮ ಫೋನಿನಲ್ಲೂ ಇದೆ, ಗೋಲಿಯನ್ನು ಗುಂಡಿಗೆ ಬೀಳದಂತೆ ಉರುಳಿಸುವ ಗೇಮುಗಳು ಬೇಕಾದಷ್ಟಿವೆ. ಆದರೆ ಫೋನ್ ಓರೆ ಮಾಡಿದಾಗ ಪರದೆಯೂ ಓರೆಯಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ. ನಾಲ್ಕು ಜನ ಕೂಡಿ ಆಡುವುದಾದರೆ ಟಿವಿಯೇ ಬೇಕು.