ಇಟಾಲಿಯನ್ ಎರಡನೇ ಸೆಮಿಸ್ಟರ್: ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ಮೊದಲ ಸೆಮಿಸ್ಟರ್‌ನ ಇಟಾಲಿಯನ್ ಅಂದರೆ ಹೆಸರು, ಊರು, ಅಂಕಿ, ವರ್ತಮಾನಕಾಲ, ಗಂಟೆ ಎಷ್ಟು. ಅಷ್ಟನ್ನು ಬಾಯಿಪಾಠದ ಮೇಲೆ ದಾಟಬಹುದು. ಎರಡನೆಯದರಲ್ಲಿ ಬಾಯಿಪಾಠ ಸಾಲುವುದಿಲ್ಲ. ಪಸ್ಸಾತೊ ಪ್ರೊಸ್ಸಿಮೊ ಮತ್ತು ಇಂಪೆರ್ಫೆತ್ತೊ ಎಂಬ ಎರಡು ಭೂತಕಾಲ, ಅವುಗಳ ಜೊತೆಗೆ ಸರ್ವನಾಮ, ಅದರ ಮೇಲೆ ಪಿಯಚೇರೆ (ಇಷ್ಟವಾಗು) ಕ್ರಿಯಾಪದ ಬರುತ್ತವೆ. ಇವನ್ನೆಲ್ಲ ಒಂದೇ ವಾಕ್ಯದಲ್ಲಿ ಸೇರಿಸಿ ಬರೆಯಬೇಕಾಗುತ್ತದೆ.

ನಮ್ಮ ಕೈಗೆ ಸಿಗುವ ಪುಸ್ತಕಗಳು ಇಂಗ್ಲಿಷ್ ಬಲ್ಲವರಿಗಾಗಿ ಬರೆದವು. ಹೀಗಾಗಿ ಕನ್ನಡದಿಂದ ನೇರವಾಗಿ ಹಿಡಿಯಬಹುದಾದ ಸಂಗತಿಯನ್ನೂ ಇಂಗ್ಲಿಷಿನ ಸುತ್ತು ಹಾಕಿ ಕಲಿಯುತ್ತೇವೆ. ಬೆಳಗಾವಿಯಲ್ಲಿ ಓದುವವರಿಗೆ ಮರಾಠಿ, ಹಿಂದಿ ಕೂಡ ಕಿವಿಗೆ ಬಿದ್ದಿರುತ್ತವೆ. ಅದೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಕೆಲವು ಕಡೆ ಕನ್ನಡವೇ ದಾರಿ ತಪ್ಪಿಸುತ್ತದೆ. ಆ ಜಾಗಗಳನ್ನು ಗುರುತು ಮಾಡಿಕೊಂಡರೆ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಒಂದು ಸೂಚನೆ. ಇಲ್ಲಿ ಇಟಾಲಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ದೀರ್ಘ ಬರೆದ ಸ್ವರದ ಮೇಲೆ ಒತ್ತು. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಇಟಾಲಿಯನ್ ಲಿಪಿಯಲ್ಲೇ ಬರೆಯಿರಿ. ಕಾರಣ ಮುಂದೆ ಬರುತ್ತದೆ.

ಉಚ್ಚಾರ

ಇಟಾಲಿಯನ್ನಿನ 'ಟಿ', 'ಡಿ' ಅಕ್ಷರಗಳು ನಮ್ಮ ತ, ದ. ಟ, ಡ ಅಲ್ಲ. ಇಂಗ್ಲಿಷ್ ಓದಿದ ನಾಲಗೆ 'ಟುಟ್ಟೊ' ಅನ್ನಲು ಹೋಗುತ್ತದೆ, ಸರಿಯಾದದ್ದು ತುತ್ತೊ. ಮಹಾಪ್ರಾಣ ಎಲ್ಲೂ ಇಲ್ಲ. ಪದಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ, ನಮಗೆ ಅದೂ ರೂಢಿಯೇ.

ಒತ್ತಕ್ಷರ ನಮ್ಮ ದೊಡ್ಡ ಆಸ್ತಿ. ಕತೆ, ಕತ್ತೆ ಬೇರೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಟಾಲಿಯನ್ನಿನಲ್ಲೂ ಹಾಗೆಯೇ: ಸೇತೆ ಅಂದರೆ ಬಾಯಾರಿಕೆ, ಸೆತ್ತೆ ಅಂದರೆ ಏಳು. ಕಪೆಲ್ಲಿ ತಲೆಗೂದಲು, ಕಪ್ಪೆಲ್ಲಿ ಟೋಪಿಗಳು. ವಯಸ್ಸು ಹೇಳುವಾಗಿನ ಅನ್ನಿ (ವರ್ಷಗಳು) ಪದದಲ್ಲಿ ಒತ್ತಕ್ಷರ ಬಿಟ್ಟರೆ ಅದು ಗುದದ್ವಾರದ ಬಹುವಚನ. ಮೌಖಿಕ ಪರೀಕ್ಷೆಯಲ್ಲಿ ಮೊದಲು ಕೇಳುವುದೇ ವಯಸ್ಸು, ನೆನಪಿರಲಿ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಾರದು ಅಂದದ್ದು ಇದಕ್ಕೆ: ಅವೇರೆ (ಹೊಂದಿರು) ಕ್ರಿಯಾಪದದ ಒ, ಆಯ್, ಆ, ಅನ್ನೊ ಈ ನಾಲ್ಕು ರೂಪಗಳ ಆರಂಭದಲ್ಲಿ ಉಚ್ಚಾರವಿಲ್ಲದ 'ಹೆಚ್' ಇದೆ. ಅದಿಲ್ಲದೆ ಬರೆದರೆ ಒ 'ಅಥವಾ' ಆಗುತ್ತದೆ, ಅನ್ನೊ 'ವರ್ಷ' ಆಗುತ್ತದೆ. ಕಿವಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಉಕ್ತಲೇಖನದಲ್ಲಿ ಅಂಕ ಹೋಗುವುದು ಇಲ್ಲೇ.

ಪಸ್ಸಾತೊ ಪ್ರೊಸ್ಸಿಮೊ: ಅವೇರೆಯೋ ಎಸ್ಸೆರೆಯೋ

ರಚನೆ ಸರಳ. ಸಹಾಯಕ ಕ್ರಿಯಾಪದದ (ಅವೇರೆ, ಇಲ್ಲವೆ 'ಇರು' ಅರ್ಥದ ಎಸ್ಸೆರೆ) ವರ್ತಮಾನ ರೂಪ, ಅದರ ನಂತರ ಕೃದಂತ (ಮಾಡಿದ, ಹೋದ ಎಂಬಂಥ ರೂಪ). ಕೃದಂತಕ್ಕೆ ಆರೆಯಲ್ಲಿ ಮುಗಿಯುವ ಗುಂಪಿನಲ್ಲಿ ಆತೊ, ಏರೆ ಗುಂಪಿನಲ್ಲಿ ಊತೊ, ಈರೆ ಗುಂಪಿನಲ್ಲಿ ಈತೊ: ಮಂಜಾತೊ (ತಿಂದ), ವೆಂದೂತೊ (ಮಾರಿದ), ದೊರ್ಮೀತೊ (ನಿದ್ರಿಸಿದ).

ತೊಡಕು ಸಹಾಯಕದ ಆಯ್ಕೆಯಲ್ಲಿ. ಇಂಗ್ಲಿಷಿನವರು ಎಲ್ಲದಕ್ಕೂ ಅವೇರೆ ಹಾಕಿ ತಪ್ಪುತ್ತಾರೆ. ಕನ್ನಡದವರು ಅದರ ತಿರುವುಮುರುವು ತಪ್ಪುತ್ತಾರೆ, ಯಾಕೆಂದರೆ ನಮ್ಮ 'ಮಾಡಿದ್ದೇನೆ', 'ಹೋಗಿದ್ದೇನೆ' ಎರಡರಲ್ಲೂ ಇರುವುದು ಇರು ಧಾತು. ಆ ಅಭ್ಯಾಸದಿಂದ ಎಸ್ಸೆರೆಯ ಸೋನೊ ಹಾಕಿ 'ಸೋನೊ ಮಂಜಾತೊ' ಅಂದುಬಿಡುತ್ತೇವೆ. ಬೇಕಾದದ್ದು 'ಒ ಮಂಜಾತೊ'.

ಗುರುತು ಹೀಗೆ ಇಟ್ಟುಕೊಳ್ಳಿ. ಕ್ರಿಯಾಪದ ಕರ್ಮವನ್ನು ತೆಗೆದುಕೊಂಡರೆ ಅವೇರೆ. ಕರ್ಮ ಇಲ್ಲದೆ, ಕರ್ತೃವಿನ ಜಾಗವೋ ಸ್ಥಿತಿಯೋ ಬದಲಾದರೆ ಎಸ್ಸೆರೆ: ಹೋಗು, ಬಾ, ತಲುಪು, ಹೊರಡು, ಹುಟ್ಟು, ಸಾಯಿ, ಆಗು. ಜಾಗ ಬಿಡದ ರಿಮನೇರೆ, ರೆಸ್ತಾರೆ (ಎರಡೂ ಉಳಿ), ಸ್ತಾರೆ (ಇರು) ಕೂಡ ಇದೇ ಗುಂಪು, ಅವನ್ನು ಹಾಗೇ ಕಲಿಯಬೇಕು. ನಡೆ, ಈಜು, ಪ್ರಯಾಣ ಮಾಡು ಚಲನೆಯೇ ಆದರೂ ಎಲ್ಲಿಗೆ ಮುಟ್ಟಿದರು ಎಂದು ಅವು ಹೇಳುವುದಿಲ್ಲ. ಅದಕ್ಕೆ ಅವೇರೆ: ಒ ಕಮ್ಮಿನಾತೊ, ಒ ನುವೊತಾತೊ, ಒ ವಿಯಜ್ಜಾತೊ. ನಿದ್ರಿಸುವುದಕ್ಕೂ ಅವೇರೆಯೇ.

ಎರಡೂ ಸಹಾಯಕ ಬರುವ ಕ್ರಿಯಾಪದಗಳನ್ನು ಪುಸ್ತಕಗಳು ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕುತ್ತವೆ. ನಮಗೆ ಅವೇ ಸುಲಭ. ಮುಗಿಸಿದೆ, ಮುಗಿಯಿತು ಎಂಬ ಜೋಡಿ ಕನ್ನಡದಲ್ಲಿ ಮೊದಲೇ ಇದೆ. 'ಒ ಫಿನೀತೊ ಇಲ್ ಲೀಬ್ರೊ' ಅಂದರೆ ಪುಸ್ತಕ ಮುಗಿಸಿದೆ, 'ಲ ಲೆತ್ಸಿಯೋನೆ ಎ ಫಿನೀತ' ಅಂದರೆ ಪಾಠ ಮುಗಿಯಿತು. ಶುರು ಮಾಡಿದೆ, ಶುರುವಾಯಿತು. ಬದಲಿಸಿದೆ, ಬದಲಾದೆ, ಇವೂ ಹಾಗೆಯೇ. ಹತ್ತು, ಇಳಿ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಮೆಟ್ಟಿಲು ಎಂಬ ಕರ್ಮ ಬಂದರೆ ಅವೇರೆ, ಬಸ್ಸಿನಿಂದ ಇಳಿದರೆ ಎಸ್ಸೆರೆ.

ಎಸ್ಸೆರೆ ಬಂದ ಕಡೆ ಕೃದಂತ ಕರ್ತೃವಿನ ಲಿಂಗ, ವಚನ ಹಿಡಿಯುತ್ತದೆ: ಅಂದಾತೊ, ಅಂದಾತ, ಅಂದಾತಿ, ಅಂದಾತೆ. ಕನ್ನಡದಲ್ಲಿ 'ನಾನು ಹೋಗಿದ್ದೇನೆ' ಎಂಬುದಕ್ಕೆ ಗಂಡು ಹೆಣ್ಣು ಭೇದ ಇಲ್ಲ, ಆದ್ದರಿಂದ ಹುಡುಗಿಯರು 'ಸೋನೊ ಅಂದಾತೊ' ಎಂದು ಬರೆದುಬಿಡುತ್ತಾರೆ. ಇಲ್ಲಿ ಕನ್ನಡ ಬಿಟ್ಟು ಹಿಂದಿ ಹಿಡಿಯಿರಿ: ಮೈ ಗಯಾ, ಮೈ ಗಯೀ. ಹುಡುಗಿ ಬರೆದರೆ 'ಸೋನೊ ಅಂದಾತ'. ಗೆಳತಿಯರೇ ಇರುವ ಗುಂಪಿಗೆ ಅಂದಾತೆ, ಅವರಲ್ಲಿ ಒಬ್ಬ ಹುಡುಗ ಸೇರಿದರೂ ಅಂದಾತಿ.

ಅನಿಯಮಿತ ಕೃದಂತಗಳನ್ನು ಅಕಾರಾದಿಯಲ್ಲಿ ಕಲಿಯಬೇಡಿ, ಪ್ರಾಸದ ಮೇಲೆ ಗುಂಪು ಮಾಡಿ.

ಮಾಡು, ಹೇಳು, ಓದು, ಬರೆ, ಮುರಿ: ಫತ್ತೊ, ದೆತ್ತೊ, ಲೆತ್ತೊ, ಸ್ಕ್ರಿತ್ತೊ, ರೊತ್ತೊ.
ತೆಗೆದುಕೊ, ಇಳಿ, ಖರ್ಚು ಮಾಡು, ಮುಚ್ಚು, ಇಡು: ಪ್ರೇಸೊ, ಶೇಸೊ, ಸ್ಪೇಸೊ, ಕಿಯೂಸೊ, ಮೆಸ್ಸೊ.
ನೋಡು, ಕೇಳು (ಪ್ರಶ್ನಿಸು), ಉತ್ತರಿಸು, ಉಳಿ: ವಿಸ್ತೊ, ಕಿಯೆಸ್ತೊ, ರಿಸ್ಪೊಸ್ತೊ, ರಿಮಸ್ತೊ.
ತೆರೆ, ನೀಡು, ಸಾಯಿ: ಅಪೆರ್ತೊ, ಒಫ್ಫೆರ್ತೊ, ಮೊರ್ತೊ.

ಒಂಟಿಯಾಗಿ ಉಳಿಯುವವು ನಾತೊ, ಸ್ತಾತೊ, ಬೆವೂತೊ, ವೆನೂತೊ, ವಿಸ್ಸೂತೊ. ಇರು ಎಂಬರ್ಥದ ಎಸ್ಸೆರೆ, ಸ್ತಾರೆ ಎರಡಕ್ಕೂ ಸ್ತಾತೊ ಒಂದೇ. 'ಎಂದೆರೆ'ಯಲ್ಲಿ ಮುಗಿಯುವ ಕ್ರಿಯಾಪದಗಳು ಹೆಚ್ಚಾಗಿ 'ಏಸೊ' ಆಗುತ್ತವೆ. ವೆಂದೆರೆ (ಮಾರು) ಮಾತ್ರ ಆ ದಾರಿ ಹಿಡಿಯದೆ ವೆಂದೂತೊ ಆಗುತ್ತದೆ. ಕಾರ್ಡ್ ಮಾಡಿ ಕಲಿಯುವವರು ಕೃದಂತವನ್ನು ಒಂಟಿಯಾಗಿ ಬರೆಯದೆ ಸಹಾಯಕದ ಸಮೇತ ಬರೆಯಿರಿ. ಆಯ್ಕೆಯನ್ನು ಪ್ರತಿ ಸಲ ಯೋಚಿಸುವ ಗೋಜು ತಪ್ಪುತ್ತದೆ.

'ಕೊಳ್ಳು' ಮತ್ತು ಆತ್ಮಾರ್ಥಕ

ಕೈ ತೊಳೆದುಕೊಂಡೆ: ಮಿ ಸೋನೊ ಲವಾತೊ ಲೆ ಮಾನಿ. ನಮ್ಮ 'ಕೊಳ್ಳು' ಇದ್ದಲ್ಲಿ ಅವರ 'ಮಿ'. ತಲೆ ಬಾಚಿಕೊ, ಬಟ್ಟೆ ಹಾಕಿಕೊ ಇವೂ ಹೀಗೇ. ಆತ್ಮಾರ್ಥಕಗಳೆಲ್ಲ ಎಸ್ಸೆರೆ ಹಿಡಿಯುತ್ತವೆ. ಆದರೆ ಏಳು, ಎಚ್ಚರವಾಗು, ನಿದ್ದೆ ಹತ್ತು ಇವಕ್ಕೆ ಕನ್ನಡದಲ್ಲಿ 'ಕೊಳ್ಳು' ಇಲ್ಲ, ಇಟಾಲಿಯನ್ನಿನಲ್ಲಿ 'ಮಿ' ಬೇಕು. ಕಲಿತುಕೊಂಡೆ, ತೆಗೆದುಕೊಂಡೆ ಇವಕ್ಕೆ ಕನ್ನಡದಲ್ಲಿ 'ಕೊಳ್ಳು' ಇದೆ, ಅಲ್ಲಿ 'ಮಿ' ಬರಕೂಡದು: ಒ ಇಂಪರಾತೊ, ಒ ಪ್ರೇಸೊ.

ಇಂಪೆರ್ಫೆತ್ತೊ

ರೂಪ ಕಲಿಯಲು ಇಷ್ಟು ಸುಲಭದ ಕಾಲ ಇನ್ನೊಂದಿಲ್ಲ. ಮಾತಾಡು ಕ್ರಿಯಾಪದಕ್ಕೆ: ಪರ್ಲಾವೊ, ಪರ್ಲಾವಿ, ಪರ್ಲಾವ, ಪರ್ಲವಾಮೊ, ಪರ್ಲವಾತೆ, ಪರ್ಲಾವನೊ. ಕೊನೆಯದರಲ್ಲಿ ಒತ್ತು 'ಲಾ' ಮೇಲೆ, 'ವ' ಮೇಲೆ ಅಲ್ಲ. ಎಸ್ಸೆರೆ ಮಾತ್ರ ಪೂರ್ತಿ ಬೇರೆ: ಏರೊ, ಏರಿ, ಏರ, ಎರವಾಮೊ, ಎರವಾತೆ, ಏರನೊ. ಮಾಡು, ಹೇಳು, ಕುಡಿ ಕ್ರಮವಾಗಿ ಫಚೇವೊ, ದಿಚೇವೊ, ಬೆವೇವೊ.

ಬಳಕೆಗೆ ಕನ್ನಡದ ಸೂತ್ರ: ಹೋದೆ ಅಂದರೆ ಪಸ್ಸಾತೊ ಪ್ರೊಸ್ಸಿಮೊ, ಹೋಗುತ್ತಿದ್ದೆ ಅಂದರೆ ಇಂಪೆರ್ಫೆತ್ತೊ. ರೂಢಿಗೂ ಆಗ ನಡೆಯುತ್ತಿದ್ದ ಕೆಲಸಕ್ಕೂ ನಮ್ಮ 'ಉತ್ತಿದ್ದೆ' ಒಂದೇ ರೂಪ, ಅವರದೂ ಹಾಗೆಯೇ.

ಇನ್ನೂ ಚೆಂದದ ಹೊಂದಾಣಿಕೆ ಒಂದಿದೆ. ಇಂಪೆರ್ಫೆತ್ತೊದಲ್ಲಿ 'ಸಪೇವೊ' ಅಂದರೆ ಗೊತ್ತಿತ್ತು, 'ಒ ಸಪೂತೊ' ಅಂದರೆ ಗೊತ್ತಾಯಿತು. ನಮ್ಮ ಕಡೆಯ ಮಾತಿನಲ್ಲಿ ಗೊತ್ತಾತು. 'ಕೊನೊಶ್ಶೇವೊ' ಪರಿಚಯ ಇತ್ತು, 'ಒ ಕೊನೊಶ್ಶೂತೊ' ಪರಿಚಯ ಆಯಿತು. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ಪುಟ ಬೇಕು. ನಮಗೆ 'ಇತ್ತು' ಇದ್ದರೆ ಇಂಪೆರ್ಫೆತ್ತೊ, 'ಆಯಿತು' ಇದ್ದರೆ ಇನ್ನೊಂದು.

ಕೈಕೊಡುವುದು ಎಲ್ಲಿ? 'ಮೂರು ವರ್ಷ ಬೆಳಗಾವಿಯಲ್ಲಿದ್ದೆ' ಎಂಬಲ್ಲಿ. 'ಇದ್ದೆ' ನೋಡಿ ಇಂಪೆರ್ಫೆತ್ತೊ ಬರೆಯುತ್ತಾರೆ. ಆದರೆ ಅವಧಿಗೆ ಲೆಕ್ಕ ಬಿತ್ತು, ಅದು ಮುಗಿದೂ ಹೋಯಿತು. ಹಾಗಾದಾಗ ಪಸ್ಸಾತೊ ಪ್ರೊಸ್ಸಿಮೊ: ಒ ಅಬಿತಾತೊ ಅ ಬೆಳಗಾವಿ ಪೆರ್ ತ್ರೆ ಅನ್ನಿ. ಅವಧಿ ಇನ್ನೂ ನಡೆದಿದ್ದರೆ 'ದ' ಹಾಕಿ ವರ್ತಮಾನಕಾಲ: ಸ್ತೂದಿಯೊ ಇತಲಿಯಾನೊ ದ ದೂಯೆ ಸೆಮೆಸ್ತ್ರಿ, ಎರಡು ಸೆಮಿಸ್ಟರಿನಿಂದ ಓದುತ್ತಿದ್ದೇನೆ. ನಮ್ಮ 'ಇಂದ' ಪ್ರತ್ಯಯದ ಜಾಗದಲ್ಲಿ ಅವರ 'ದ' ಕೂತಿದೆ, ಕಾಲವೂ ಅದೇ.

ನನಗೆ ಇಷ್ಟ, ನನಗೆ ಹಸಿವು

ಪಿಯಚೇರೆಗೆ ಇಂಗ್ಲಿಷ್ ಪುಸ್ತಕಗಳು ದೊಡ್ಡ ಪೀಠಿಕೆ ಹಾಕುತ್ತವೆ. ಅದನ್ನು ಓದಲೇಬೇಡಿ. ನನಗೆ ಕುಂದಾ ಇಷ್ಟ: ಮಿ ಪಿಯಾಚೆ ಇಲ್ ಕುಂದಾ. ಅದೇ ಚತುರ್ಥಿ, ಅದೇ ಕರ್ತೃ. ಎಚ್ಚರ ಬೇಕಾದದ್ದು ವಚನದಲ್ಲಿ. ನಮ್ಮ 'ಇಷ್ಟ' ಬಾಳೆಹಣ್ಣು ಒಂದಾದರೂ ಹತ್ತಾದರೂ ಬದಲಾಗದು, ಅವರದು ಬದಲಾಗುತ್ತದೆ: ಮಿ ಪಿಯಾಚ್ಚೊನೊ ಲೆ ಬನಾನೆ. ಭೂತಕಾಲದಲ್ಲಿ ಸಹಾಯಕ ಎಸ್ಸೆರೆ, ಆದ್ದರಿಂದ ಲಿಂಗವೂ ಸೇರುತ್ತದೆ: ಮಿ ಎ ಪಿಯಚೂತೊ ಇಲ್ ಕುಂದಾ, ಮಿ ಎ ಪಿಯಚೂತ ಲ ಫೆಸ್ತ. ಕೃದಂತವು ಇಷ್ಟವಾದ ವಸ್ತುವಿನ ಜೊತೆ ಹೋಗುತ್ತದೆ, ಹೇಳುವವರ ಜೊತೆ ಅಲ್ಲ.

ಇದೇ ಜಾಡಿನಲ್ಲಿ ನನಗೆ ಬೇಕು (ಮಿ ಸೆರ್ವೆ), ನನಗೆ ಅನಿಸುತ್ತದೆ (ಮಿ ಸೆಂಬ್ರ), ನನಗೆ ತಲೆ ನೋಯುತ್ತದೆ (ಮಿ ಫ ಮಾಲೆ ಲ ತೆಸ್ತ). ಆದರೆ ಇದೇ ಹುರುಪಿನಲ್ಲಿ ಹಸಿವು, ಬಾಯಾರಿಕೆ, ನಿದ್ದೆ, ಚಳಿ, ಹೆದರಿಕೆ, ವಯಸ್ಸಿಗೂ 'ಮಿ' ಹಾಕಬೇಡಿ. ಅವೆಲ್ಲ ಅವೇರೆ: ಒ ಫಾಮೆ, ಒ ಸೇತೆ, ಒ ಸೊನ್ನೊ, ಒ ಫ್ರೆದ್ದೊ, ಒ ಪವೂರ, ಒ ವೆಂತನ್ನಿ. 'ಸೋನೊ ಫ್ರೆದ್ದೊ' ಎಂದರೆ ನಾನು ಭಾವನೆಯಿಲ್ಲದ ಮನುಷ್ಯ ಎಂದಾದೀತು.

ಅವನನ್ನೋ, ಅವನಿಗೋ

ದ್ವಿತೀಯೆಗೆ ಲೊ (ಅವನನ್ನು), ಲ (ಅವಳನ್ನು), ಲಿ, ಲೆ (ಅವರನ್ನು, ಕ್ರಮವಾಗಿ ಗಂಡು, ಹೆಣ್ಣು). ಚತುರ್ಥಿಗೆ ಅವನಿಗೆ ಲ್ಯಿ, ಅವಳಿಗೆ ಲೆ. ಎರಡೂ ಕ್ರಿಯಾಪದಕ್ಕಿಂತ ಮೊದಲು ಬರುತ್ತವೆ. ಕನ್ನಡದ ಅನ್ನು, ಗೆ ಪ್ರತ್ಯಯ ಬಹಳ ಕಡೆ ಸರಿಯಾಗಿ ತೋರಿಸುತ್ತವೆ. ಅವನಿಗೆ ಫೋನ್ ಮಾಡಿದೆ: ಲ್ಯಿ ಒ ತೆಲೆಫೊನಾತೊ. ಎಡವುವುದು ಈ ಕ್ರಿಯಾಪದಗಳಲ್ಲಿ: ಸಹಾಯ ಮಾಡು, ಧನ್ಯವಾದ ಹೇಳು, ಕಾಯಿ. ನಾವು 'ಅವನಿಗೆ ಸಹಾಯ' ಅನ್ನುತ್ತೇವೆ, ಅವರು ಅಯುತಾರೆಗೆ ದ್ವಿತೀಯೆ ಹಾಕುತ್ತಾರೆ. ರಿಂಗ್ರತ್ಸಿಯಾರೆ, ಅಸ್ಪೆತ್ತಾರೆ ಕೂಡ ಹಾಗೆಯೇ. ಕೇಳು ಎಂಬುದರಲ್ಲಿ ಉಲ್ಟಾ: ಅವರದು ಚತುರ್ಥಿ, ಲ್ಯಿ ಒ ಕಿಯೆಸ್ತೊ. 'ಅವಂಗ ಕೇಳಿದೆ' ಎನ್ನುವ ಉತ್ತರ ಕರ್ನಾಟಕದ ರೂಢಿಯವರಿಗೆ ಇದು ಸಲೀಸು, ಗ್ರಂಥಸ್ಥ 'ಅವನನ್ನು ಕೇಳಿದೆ' ಬರೆಯುವವರಿಗೆ ಕಷ್ಟ.

ದ್ವಿತೀಯೆಯ ಲೊ, ಲ, ಲಿ, ಲೆ ಮೊದಲು ಬಂದರೆ ಅವೇರೆ ಇದ್ದರೂ ಕೃದಂತ ಬದಲಾಗುತ್ತದೆ. ಮರಾಠಿ ಕಿವಿ ಇದ್ದವರಿಗೆ ಇದರ ರುಚಿ ಗೊತ್ತು: ಮೀ ಆಂಬಾ ಖಾಲ್ಲಾ, ಮೀ ಪೋಳೀ ಖಾಲ್ಲೀ. ವ್ಯತ್ಯಾಸ ಇಷ್ಟೇ: ಮರಾಠಿಯಲ್ಲಿ ಕರ್ಮ ನಾಮಪದವಾದರೂ ಕ್ರಿಯಾಪದ ಅದರ ಜೊತೆ ಹೋಗುತ್ತದೆ, ಇಟಾಲಿಯನ್ನಿನಲ್ಲಿ 'ಒ ಮಂಜಾತೊ ಲ ಮೇಲ' (ಸೇಬು ತಿಂದೆ) ಹಾಗೇ ಉಳಿದು ಸರ್ವನಾಮ ಬಂದಾಗ ಮಾತ್ರ 'ಲ’ಒ ಮಂಜಾತ' ಆಗುತ್ತದೆ. ಲ ಮತ್ತು ಒ ಸೇರಿ ಉಚ್ಚಾರ 'ಲೊ'. ಕೇಳುವವರಿಗೆ ಅದು ಗಂಡೋ ಹೆಣ್ಣೋ ತಿಳಿಯಲು ಕೃದಂತದ ಕೊನೆಯ ಸ್ವರ ಒಂದೇ ಆಧಾರ. ಲಿ, ಲೆ ಹೀಗೆ ಸೇರುವುದಿಲ್ಲ.

ಅತಿ ಕೆಟ್ಟ ಬಲೆ ಲೆ. 'ಲೆ ಒ ವಿಸ್ತೆ' ಅಂದರೆ ಅವರನ್ನು (ಹೆಂಗಸರನ್ನು) ನೋಡಿದೆ. 'ಲೆ ಒ ಸ್ಕ್ರಿತ್ತೊ' ಅಂದರೆ ಅವಳಿಗೆ ಬರೆದೆ. ಚತುರ್ಥಿಗೆ ಕೃದಂತ ಬಗ್ಗುವುದಿಲ್ಲ.

ಪರೀಕ್ಷೆಯ ಸಣ್ಣ ಪ್ರಬಂಧ

'ಕಳೆದ ವಾರಾಂತ್ಯ' ಎಂಬ ವಿಷಯ ಸಾಮಾನ್ಯ. ಒಂದು ಮಾದರಿ:

ಸಾಬತೊ ಸ್ಕೊರ್ಸೊ ಸಿಯಾಮೊ ಅಂದಾತಿ ಅ ಬಾದಾಮಿ. ಫಚೇವ ಕಲ್ದೊ ಎ ಚೇರ ಮೊಲ್ತ ಜೆಂತೆ. ಅಬ್ಬಿಯಾಮೊ ವಿಸ್ತೊ ಲೆ ಕ್ವತ್ತ್ರೊ ಗ್ರೊತ್ತೆ. ಲ ತೆರ್ತ್ಸ ಮಿ ಎ ಪಿಯಚೂತ ಮೊಲ್ತೊ. ಮೆಂತ್ರೆ ಶೆಂದೆವಾಮೊ, ಊನ ಶಿಮ್ಮಿಯ ಆ ಪ್ರೇಸೊ ಲ ಮೀಯ ಬೊತ್ತಿಲ್ಯ. ನೊನ್ ಲ’ಒ ಪಿಯು ವಿಸ್ತ.

ಕಳೆದ ಶನಿವಾರ ಬಾದಾಮಿಗೆ ಹೋದೆವು. ಸೆಕೆ ಇತ್ತು, ಬಹಳ ಜನ ಇದ್ದರು. ನಾಲ್ಕೂ ಗುಹೆ ನೋಡಿದೆವು. ಮೂರನೆಯದು ನನಗೆ ಬಹಳ ಹಿಡಿಸಿತು. ಇಳಿಯುತ್ತಿದ್ದಾಗ ಮಂಗ ನನ್ನ ಬಾಟಲಿ ತೆಗೆದುಕೊಂಡಿತು. ಮತ್ತೆ ಅದನ್ನು ಕಾಣಲಿಲ್ಲ. ಸೆಕೆ, ಜನ, ಇಳಿಯುತ್ತಿದ್ದದ್ದು ಹಿನ್ನೆಲೆ, ಆದ್ದರಿಂದ ಇಂಪೆರ್ಫೆತ್ತೊ. ಮೂರನೇ ಗುಹೆ ಸ್ತ್ರೀಲಿಂಗ, ಆದ್ದರಿಂದ ಪಿಯಚೂತ. ಮಂಗವೂ ಸ್ತ್ರೀಲಿಂಗವೇ, ಆದರೂ ಸಹಾಯಕ ಅವೇರೆಯಾದ್ದರಿಂದ ಪ್ರೇಸೊ ಬದಲಾಗಲಿಲ್ಲ. ಕೊನೆಯ ವಿಸ್ತ ಬಾಟಲಿಯೊಂದಿಗೆ ಹೋಯಿತು. ವ್ಯಾಕರಣದ ಪ್ರಕಾರ ಅದು ಮಂಗನಿಗೂ ಹೊಂದುತ್ತದೆ, ಎರಡೂ ಸ್ತ್ರೀಲಿಂಗ ಏಕವಚನ. ಬಾಟಲಿಯೇ ಎಂದು ಖಚಿತ ಮಾಡಬೇಕಿದ್ದರೆ ಸರ್ವನಾಮ ಬಿಟ್ಟು ನಾಮಪದವನ್ನೇ ಬರೆಯಬೇಕು, ಆಗ ಕೃದಂತ ಮತ್ತೆ ವಿಸ್ತೊ.